ಹದಿಮೂರನೆಯ ಚುಕ್ಕಿ

ಜನವರಿ 6

ಅತ್ತಿಗೆಯವರಿಗೆ ನಮಸ್ಕಾರಗಳು.

ಲಕೋಟೆಯ ಮೇಲೆ ನನ್ನ ಅಕ್ಷರ ನೋಡಿ ಹುಬ್ಬೇರಿಸಿರುತ್ತೀರಿ. ಅಣ್ಣ ತೀರಿಕೊಂಡು ಹದಿನಾಲ್ಕು ತಿಂಗಳಾಯಿತು. ಆಗ ಒಂದು ದಿನದ ಮಟ್ಟಿಗೆ ಬಂದು ಹೋದವನು ಆಮೇಲೆ ಒಂದು ಗೆರೆ ಬರೆದಿಲ್ಲ. ಅದಕ್ಕೆ ನೆಪ ಹೇಳಿದರೆ ನೀವು ನಂಬುವವರಲ್ಲ, ಆದ್ದರಿಂದ ಹೇಳುವುದಿಲ್ಲ. ಈಗಲೂ ಕೆಲಸವಿದೆ ಎಂದೇ ಬರೆಯುತ್ತಿದ್ದೇನೆ.

ನಮ್ಮ ವಸ್ತುಸಂಗ್ರಹಾಲಯಕ್ಕೆ ಹೋದ ವರ್ಷ ನೂರ ನಲವತ್ತು ಚಿನ್ನದ ಹಣಗಳು ದಾನವಾಗಿ ಬಂದವು. ದಕ್ಷಿಣದ ಹಳೆಯ ಸಂಸ್ಥಾನವೊಂದರ ಟಂಕಸಾಲೆಯಲ್ಲಿ ಕೈಯಿಂದ ಹೊಡೆದ ನಾಣ್ಯಗಳು. ಒಂದೊಂದೂ ಬೇಳೆಯಷ್ಟಿದೆ, ತೂಕ ಅರ್ಧ ಗ್ರಾಮೂ ಇಲ್ಲ. ಇವುಗಳ ಸೂಚಿ ಬರೆಯುವ ಕೆಲಸ ನನ್ನದು. ಸೀನಿದರೆ ಹಾರಿಹೋಗುವ ಸಾಮಾನು, ಹಾಗಾಗಿ ಕಿಟಕಿ ಮುಚ್ಚಿ, ಫ್ಯಾನ್ ನಿಲ್ಲಿಸಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಕೂರುತ್ತೇನೆ. ಪಕ್ಕದ ಅಂಚೆಚೀಟಿ ವಿಭಾಗದವನು ದಿನಕ್ಕೊಮ್ಮೆ ಬಾಗಿಲಲ್ಲಿ ಇಣುಕಿ, "ಏನ್ ಡಾಕ್ಟ್ರೇ, ಆಪರೇಷನ್ ಮುಗೀತಾ? ರೋಗಿ ಉಳಿದ್ನಾ?" ಎಂದು ಕೇಳಿ ಹೋಗುತ್ತಾನೆ.

ಈ ಹಣಗಳಲ್ಲಿ ಅಚ್ಚು ದೊಡ್ಡದು, ಚಿನ್ನದ ಬಿಲ್ಲೆ ಚಿಕ್ಕದು. ಸುತ್ತಿಗೆಯ ಏಟು ಬಿದ್ದಾಗ ಅಚ್ಚಿನ ಚಿತ್ರದಲ್ಲಿ ಎಷ್ಟು ಹಿಡಿಸುತ್ತದೋ ಅಷ್ಟೇ ಬಿಲ್ಲೆಯ ಮೇಲೆ ಮೂಡುತ್ತದೆ. ಒಂದರಲ್ಲಿ ಮೇಲಿನ ಅಂಚು, ಇನ್ನೊಂದರಲ್ಲಿ ಎಡಗಡೆ. ಇಡೀ ಚಿತ್ರ ಯಾವ ಒಂದು ನಾಣ್ಯದಲ್ಲೂ ಇರುವುದಿಲ್ಲ. ಹತ್ತಾರು ನಾಣ್ಯಗಳ ಫೋಟೋಗಳನ್ನು ದೊಡ್ಡದು ಮಾಡಿ, ಒಂದರ ತುಂಡನ್ನು ಇನ್ನೊಂದರ ತುಂಡಿಗೆ ಹೊಂದಿಸಿದರೆ ಮಾತ್ರ ಮೂಲ ಅಚ್ಚು ಹೇಗಿತ್ತೆಂದು ತಿಳಿಯುತ್ತದೆ. ನಾಲ್ಕು ತಿಂಗಳಿಂದ ನಾನು ಮಾಡುತ್ತಿರುವುದು ಅದನ್ನೇ.

ಬಾಗಿದ ಒಂದು ಗೆರೆ, ಅದರ ಸುತ್ತ ಹನ್ನೆರಡು ಚುಕ್ಕಿ. ಈ ಹಣದ ಬಗ್ಗೆ ಬರೆದವರೆಲ್ಲ ಹೇಳುವುದು ಇಷ್ಟೇ. ಆದರೆ ನನ್ನ ಮೇಜಿನ ಮೇಲಿರುವ ಇಪ್ಪತ್ತಮೂರು ನಾಣ್ಯಗಳನ್ನು ಹೊಂದಿಸಿದಾಗ ಬಂದ ಅಚ್ಚಿನಲ್ಲಿ ಹದಿಮೂರು ಚುಕ್ಕಿಗಳಿವೆ. ಹದಿಮೂರನೆಯದು ಗೆರೆಯ ಹೊಟ್ಟೆಯ ಕೆಳಗೆ ಒಂಟಿಯಾಗಿದೆ. ಕೈ ತಪ್ಪಿ ಬಿದ್ದದ್ದಲ್ಲ, ಬೇಕೆಂದೇ ಇಟ್ಟದ್ದು. ಆ ಸಂಸ್ಥಾನಕ್ಕೆ ಇದುವರೆಗೆ ಯಾರಿಗೂ ತಿಳಿಯದ ಎರಡನೆಯ ಟಂಕಸಾಲೆಯೊಂದಿತ್ತು, ಅದರ ಗುರುತು ಈ ಚುಕ್ಕಿ ಎಂಬುದು ನನ್ನ ತೀರ್ಮಾನ.

ಮಾರ್ಚ್ 28ಕ್ಕೆ ನಮ್ಮ ಸಮಿತಿ ಸೇರುತ್ತದೆ. ಈ ಲೇಖನ ಒಪ್ಪಿಗೆಯಾದರೆ ನಾಣ್ಯ ವಿಭಾಗದ ಮುಖ್ಯಸ್ಥನ ಜಾಗ ನನಗೆ ಬರಬಹುದು. ಎರಡು ಸಲ ಕೈತಪ್ಪಿದೆ. ನನಗೀಗ ಐವತ್ತೈದು, ಈ ಸಲ ತಪ್ಪಿದರೆ ಇನ್ನೊಂದು ಸಲವಿಲ್ಲ.

ಅಕ್ಕಸಾಲಿ ಕಸುಬಿನಲ್ಲಿ ಅಣ್ಣನ ಕೈಯಲ್ಲಿ ಇಂಥ ಹಣಗಳು ಎಷ್ಟೋ ಓಡಾಡಿವೆ. ಹದಿಮೂರನೆಯ ಚುಕ್ಕಿಯ ವಿಷಯ ಯಾವಾಗಲಾದರೂ ಮಾತಾಡಿದ್ದನೇ? ಅವನ ಕೆಲಸದ ಪುಸ್ತಕ, ಕಪ್ಪು ರಟ್ಟಿನದು, ನಿಮ್ಮ ಹತ್ತಿರವಿದ್ದರೆ ಸ್ವಲ್ಪ ದಿನದ ಮಟ್ಟಿಗೆ ಕಳಿಸಿಕೊಡಿ.

ನಿಮ್ಮ ಮೈದುನ

*

ಜನವರಿ 19

ಮೈದುನರಿಗೆ ಆಶೀರ್ವಾದ.

ಹುಬ್ಬೇನೂ ಏರಿಸಲಿಲ್ಲ. ಹದಿನಾಲ್ಕು ತಿಂಗಳಿಗೆ ಒಂದು ಕಾಗದ ಅಂದರೆ ನಿಮ್ಮ ಮಟ್ಟಿಗೆ ಬೇಗನೇ ಬಂತು.

ನಿಮಗೆ ಆ ಜಾಗ ಇನ್ನೂ ಸಿಕ್ಕಿಲ್ಲವೆಂದು ತಿಳಿದು ಬೇಜಾರಾಯಿತು. ಇಲ್ಲಿ ಬೀದಿಯವರೆಲ್ಲ ನೀವು ಯಾವಾಗಲೋ ಮುಖ್ಯಸ್ಥರಾಗಿದ್ದೀರಿ ಅಂತಲೇ ತಿಳಿದಿದ್ದಾರೆ. ನಿಮ್ಮಣ್ಣ ಹಾಗೆ ಹೇಳಿಕೊಂಡು ತಿರುಗಿದ್ದರು. ನಾನೂ ತಿದ್ದಲು ಹೋಗಲಿಲ್ಲ.

ಅಂಗಡಿ ಮುಚ್ಚಿಲ್ಲ. ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಅರ್ಧ ಬಾಗಿಲು ತೆಗೆಯುತ್ತೇನೆ. ಕೊಂಡಿ ಕಳಚಿದ್ದು, ಓಲೆಯ ತಿರುಪು ಸವೆದದ್ದು, ಇಂಥವು ಬರುತ್ತವೆ. "ಯಾರಮ್ಮಾ ಈಗ ಕೆಲ್ಸ ಮಾಡೋರು?" ಅಂತ ಕೇಳುತ್ತಾರೆ. "ಹೊರಗಡೆ ಕೊಟ್ಟು ಮಾಡಿಸ್ತೀನಿ" ಅನ್ನುತ್ತೇನೆ. ಕಸುಬುದಾರರ ಸಂಘದವರು ನಿಮ್ಮಣ್ಣನ ಫೋಟೋವನ್ನು ದೊಡ್ಡದು ಮಾಡಿಸಿ ತಮ್ಮ ಹಾಲ್‌ನಲ್ಲಿ ಹಾಕಿದ್ದಾರೆ. ಕೊನೆಯ ವರ್ಷಗಳ ಕೆಲಸಕ್ಕೆ ಸನ್ಮಾನದ ಬಿಲ್ಲೆ ಕೊಟ್ಟಿದ್ದರಲ್ಲ, ಅದನ್ನು ಕೋಟಿನ ಮೇಲೆ ಸಿಕ್ಕಿಸಿಕೊಂಡ ಫೋಟೋ. ಕೋಟು ಎರವಲು ತಂದದ್ದು, ಭುಜದ ಹತ್ತಿರ ಜೋತು ಬಿದ್ದಿದೆ. ನೋಡಿದಾಗಲೆಲ್ಲ ಹೊಲಿದು ಕೊಡೋಣ ಅನ್ನಿಸುತ್ತದೆ.

ಪುಸ್ತಕ ಹುಡುಕಬೇಕು. ಆ ನೂರ ನಲವತ್ತು ಯಾರ ಮನೆಯಿಂದ ಬಂದವು ಅಂತ ನೀವು ಬರೆಯಲಿಲ್ಲ. ಬಿಡಿಯಾಗಿ ಬಂದವೋ, ಸರದಲ್ಲಿ ಕೋದು ಬಂದವೋ? ಸುಮ್ಮನೆ ಕೇಳಿದೆ.

ಅತ್ತಿಗೆ

*

ಜನವರಿ 28

ಅತ್ತಿಗೆಯವರಿಗೆ ನಮಸ್ಕಾರಗಳು.

ಸರದಲ್ಲಿ ಕೋದೇ ಬಂದವು. ನಿಮ್ಮ ಊರಿನದೇ ವಸ್ತು, ಮರದ ವ್ಯಾಪಾರಿಯ ಮನೆಯದು. ಅವರ ಹೆಂಡತಿ ತೀರಿಕೊಂಡ ಮೇಲೆ ಸೊಸೆ ನಮಗೆ ಕೊಟ್ಟುಬಿಟ್ಟರು. ಚರಿತ್ರೆ ಏನಾದರೂ ಗೊತ್ತೇ ಎಂದು ಕೇಳಿದೆ. "ಅತ್ತೇ ಅಜ್ಜಿ ಕಾಲದ್ದಂತೆ. ನಾನು ಒಂದ್ಸಲ ಹಾಕ್ಕೊಂಡೆ, ಕತ್ತೆಲ್ಲ ಕೆರೀತು" ಎಂದರು. ಅವರಿಗೆ ತಿಳಿದ ಚರಿತ್ರೆ ಅಷ್ಟು. ಬೆಸೆದಿದ್ದ ಕೊಂಡಿಗಳನ್ನು ನಾವೇ ಬಿಡಿಸಿದೆವು.

ಇನ್ನೆರಡು ಸಂಗತಿ ಸಿಕ್ಕಿವೆ. ಆ ಇಪ್ಪತ್ತಮೂರರ ಚಿನ್ನ ಉಳಿದವಕ್ಕಿಂತ ಸ್ವಲ್ಪ ಹೆಚ್ಚು ಶುದ್ಧ. ಗೆರೆಗಳೂ ಹೆಚ್ಚು ಚೂಪಾಗಿವೆ, ಸವೆದಿಲ್ಲ. ಅಂದರೆ ಅವು ಪೇಟೆಯಲ್ಲಿ ಕೈಯಿಂದ ಕೈಗೆ ಓಡಾಡಿದವಲ್ಲ. ಎರಡನೆಯ ಟಂಕಸಾಲೆ ಅರಮನೆಯ ಸ್ವಂತ ಬಳಕೆಗೆ ಇದ್ದಿರಬೇಕು. ನಮ್ಮ ನಿರ್ದೇಶಕರಿಗೆ ಹೇಳಿದೆ. "ಇದು ನಿಂತರೆ ಆ ಕುರ್ಚಿ ನಿಮ್ದೇ ಅಂದ್ಕೊಳ್ಳಿ" ಎಂದರು. ಅವರು ಹಾಗೆಲ್ಲ ಬಾಯಿಬಿಟ್ಟು ಹೇಳುವ ಮನುಷ್ಯರಲ್ಲ. ಅಚ್ಚಿನ ಚಿತ್ರ ಬರೆದು ಇದರೊಂದಿಗೆ ಇಟ್ಟಿದ್ದೇನೆ, ನೋಡಿ.

ಇದನ್ನೆಲ್ಲ ಅಣ್ಣನಿಗೆ ತೋರಿಸಬೇಕಿತ್ತು ಅನ್ನಿಸುತ್ತದೆ, ಮರುಕ್ಷಣ ಬೇಡ ಅನ್ನಿಸುತ್ತದೆ. ಒಂಬತ್ತು ವರ್ಷದ ಹಿಂದೆ ನನ್ನ ಮೊದಲ ಪುಸ್ತಕವನ್ನು ತಂದು ಅವನ ಕೈಗಿಟ್ಟೆ. ಒಂದು ಹಾಳೆ ತಿರುವಲಿಲ್ಲ. ರಟ್ಟು ಸವರಿದ, "ಚೆನ್ನಾಗಿದೆ, ದಪ್ಪ ಇದೆ" ಅಂದ, ಅಲಮಾರಿನ ಮೇಲಿಟ್ಟು ಊಟಕ್ಕೆ ಎದ್ದ. ನೀವೂ ಅಲ್ಲೇ ಇದ್ದಿರಿ. ನಾನು ಅವತ್ತು ಸಂಜೆಯೇ ರೈಲು ಹತ್ತಿದೆ. ಹೋಗಲಿ, ಸತ್ತವನ ಜೊತೆ ಜಗಳ ಬೇಡ.

ಅಣ್ಣನ ಕಪ್ಪು ಪುಸ್ತಕ ಸಿಕ್ಕಿತೇ?

ಮೈದುನ

*

ಫೆಬ್ರವರಿ 6
ಬರೆದೆ, ಅಂಚೆಗೆ ಹಾಕಲಿಲ್ಲ. ಉಪಕರಣದ ಪೆಟ್ಟಿಗೆಯಲ್ಲಿಟ್ಟಿದ್ದೇನೆ.

ಮೈದುನರೇ,

ನಿಮ್ಮ ಚಿತ್ರ ನೋಡಿದೆ. ಚುಕ್ಕಿಯ ಜಾಗ ಕೂದಲೆಳೆಯಷ್ಟೂ ತಪ್ಪಿಲ್ಲ. ಅದು ನನಗೆ ಹೇಗೆ ಗೊತ್ತು ಅಂದರೆ, ಆ ಚುಕ್ಕಿ ಇಟ್ಟವಳು ನಾನು.

ಹನ್ನೊಂದು ವರ್ಷದ ಹಿಂದೆ ಮರದ ವ್ಯಾಪಾರಿಯ ಹೆಂಡತಿ ಸರ ತಂದರು. ನೂರ ನಲವತ್ತು ಇರಬೇಕಾದ್ದರಲ್ಲಿ ಇಪ್ಪತ್ಮೂರು ಉದುರಿಹೋಗಿದ್ದವು. ಮಗನ ಮದುವೆಗೆ ಹಾಕಿಕೊಳ್ಳಬೇಕು, ಬಾಯಿ ತುಂಬ ಹಲ್ಲು ಬಿದ್ದ ಹಾಗೆ ಕಾಣುತ್ತೆ, ತುಂಬಿಸಿಕೊಡಿ ಅಂದರು. ಹಳೆಯ ಹಣ ಹುಡುಕಿದರೂ ಸಿಗುತ್ತಿರಲಿಲ್ಲ. ಹೊಸದಾಗಿ ಹೊಡೆದು ಕೊಟ್ಟೆವು.

ಹೀಗೆ ತುಂಬಿಸಿಕೊಡುವುದು ಈ ಮನೆಯಲ್ಲಿ ಮಾವನವರ ಕಾಲದಿಂದ ಇದೆ. ಅದಕ್ಕೊಂದು ಕಟ್ಟುನಿಟ್ಟು. ನಾವು ಹೊಡೆದದ್ದರಲ್ಲಿ ಒಂದು ಚುಕ್ಕಿ ಹೆಚ್ಚಿಗೆ ಇರಬೇಕು, ಗಿರಾಕಿಗೆ ಅದನ್ನು ಬೆರಳಿಟ್ಟು ತೋರಿಸಿಯೇ ಕೊಡಬೇಕು. ಹಳೆಯದು ಹಳೆಯದಾಗಿ, ನಮ್ಮದು ನಮ್ಮದಾಗಿ ಇರಲಿ ಅಂತ. ಚಿನ್ನ ಮಾತ್ರ ಹಳೆಯದಕ್ಕಿಂತ ಒಂದು ಕೈ ಮೇಲೇ ಇರಬೇಕು. ನಿಮ್ಮ ಅರಮನೆಯ ಟಂಕಸಾಲೆಯ ಗುಟ್ಟು ಇಷ್ಟು. ಆ ಹೆಂಗಸಿಗೆ ನಾನೇ ತೋರಿಸಿದ್ದೆ. ಸೊಸೆಗೆ ಅವರು ಹೇಳಲಿಲ್ಲವೋ, ಸೊಸೆ ಕೇಳಿಸಿಕೊಳ್ಳಲಿಲ್ಲವೋ. ಈ ಕಟ್ಟುನಿಟ್ಟು ಮಣೆಯ ಮೇಲೆ ಕೂತು ಕೆಲಸ ಕಲಿತವರಿಗೆ ಮಾತ್ರ ಹೇಳುವುದು. ನೀವು ಓದಲು ಹೋದಿರಿ, ನಿಮಗೆ ಯಾರೂ ಹೇಳಲಿಲ್ಲ.

ಅಚ್ಚು ನಾನೇಕೆ ಕೊರೆದೆ ಅಂತ ಕೇಳುತ್ತೀರಿ. ಅದೇ ಹೇಳಬಾರದ ಮಾತು. ಅದಕ್ಕೂ ಒಂದು ವರ್ಷ ಮುಂಚೆಯೇ ನಿಮ್ಮಣ್ಣನ ಕಣ್ಣು ಹೋಯಿತು. ಪೂರ್ತಿ ಕತ್ತಲೆಯಲ್ಲ. ನೋಡುವ ಜಾಗದ ನಟ್ಟನಡುವೆ ಮಸಿ ಬಿದ್ದ ಹಾಗೆ, ಅಂಚಿನಲ್ಲಿ ಮಾತ್ರ ಕಾಣುವುದು. ಬೀದಿಯಲ್ಲಿ ನಡೆಯುವುದಕ್ಕೆ ಅದು ಸಾಕು, ದನಿ ಕೇಳಿ ಜನರನ್ನು ಗುರುತಿಸುವರು. ಕೆಲಸಕ್ಕೆ ಸಾಲದು. ಗುಣವಾಗೋದಲ್ಲ ಅಂದರು ಕಣ್ಣಿನ ಡಾಕ್ಟರು. ಇಪ್ಪತ್ತು ವರ್ಷ ಪಕ್ಕದಲ್ಲಿ ಕೂತು ಊದುಗೊಳವೆ ಊದಿ, ಚಿಮಟ ಎತ್ತಿಕೊಟ್ಟವಳು ನಾನು. ಮೊದಲು ಬೆಸುಗೆ ಮಾಡಿದೆ, ಆಮೇಲೆ ಕೆತ್ತಿದೆ, ಆಮೇಲೆ ಎಲ್ಲವನ್ನೂ ಮಾಡಿದೆ. ಅವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಮುಂದೆ ಕೂತು ಗಿರಾಕಿಗಳ ಜೊತೆ ಮಾತಾಡುವುದು, ನಾನು ಒಳಕೋಣೆಯ ಕಿಟಕಿಯ ಬೆಳಕಿನಲ್ಲಿ ಕೆಲಸ ಮಾಡುವುದು.

ಸಂಘದವರು ಬಿಲ್ಲೆ ಕೊಟ್ಟ ದಿನ ಮನೆಗೆ ಬಂದು ಅದನ್ನು ಬಿಚ್ಚಿ ನನ್ನ ಕೈಗೆ ಹಾಕಿದರು. "ಇದು ನಿಂದು. ಆದ್ರೆ ಯಾರ ಹತ್ರಾನೂ ಬಾಯಿ ಬಿಡ್ಬೇಡ. ಕಣ್ಣಿಲ್ಲದ ಅಕ್ಕಸಾಲಿ ಅಂತ ಬೀದಿಯೋರು ಲೊಚಗುಟ್ಟೋದು ನಂಗೆ ಬೇಡ. ನಾನು ಹೋದ್ಮೇಲೂ ಬೇಡ" ಅಂದರು. ಆಗಲಿ ಅಂದೆ.

ಈಗ ಹೇಳಿದರೆ ಕೊಟ್ಟ ಮಾತು ಹೋಗುತ್ತದೆ, ಅವರ ಹೆಸರೂ ಹೋಗುತ್ತದೆ. ಹೇಳದಿದ್ದರೆ ನೀವು ನನ್ನ ಚುಕ್ಕಿಯನ್ನು ತಲೆಯ ಮೇಲೆ ಹೊತ್ತುಕೊಂಡು ಸಮಿತಿಯ ಮುಂದೆ ನಿಲ್ಲುತ್ತೀರಿ. ಏನು ಮಾಡಲಿ ಅಂತ ಕೇಳಲು ಮನೆಯಲ್ಲಿ ಯಾರೂ ಇಲ್ಲ.

*

ಫೆಬ್ರವರಿ 7

ಮೈದುನರಿಗೆ ಆಶೀರ್ವಾದ.

ಕಪ್ಪು ಪುಸ್ತಕ ಸಿಕ್ಕಿತು, ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದ್ದೇನೆ. ಅದರಲ್ಲಿ ಏನಿದೆಯೋ ಅಷ್ಟೇ, ನನಗೆ ಬೇರೇನೂ ಗೊತ್ತಿಲ್ಲ.

ಒಂದು ಮಾತು. ಆತುರ ಬೇಡ. ಇನ್ನೊಂದು ವರ್ಷ ಇಟ್ಟುಕೊಂಡು ನೋಡಿದರೆ ನಾಣ್ಯವೇನೂ ಹಳಸುವುದಿಲ್ಲವಲ್ಲ.

ಅತ್ತಿಗೆ

*

ಫೆಬ್ರವರಿ 21

ಅತ್ತಿಗೆಯವರಿಗೆ,

ಪುಸ್ತಕ ತಲುಪಿತು. ಉಪಯೋಗವಾಗಲಿಲ್ಲ. ಕಾರಣ ನಿಮಗೂ ಗೊತ್ತಿರಬಹುದು, ಗೊತ್ತಿಲ್ಲದಿದ್ದರೆ ತಿಳಿದುಕೊಳ್ಳುವುದು ಒಳ್ಳೆಯದು.

ಹನ್ನೆರಡು ವರ್ಷದ ಹಿಂದಿನ ತನಕ ಅಣ್ಣ ಪ್ರತಿಯೊಂದು ಕೆಲಸವನ್ನೂ ಬರೆದಿಟ್ಟಿದ್ದಾನೆ. ಆಮೇಲೆ ಒಂದು ಹಾಳೆಯನ್ನು ಬುಡದಲ್ಲಿ ಕತ್ತರಿಸಲಾಗಿದೆ. ಹರಿದದ್ದಲ್ಲ, ಚೂಪಾದ ಉಳಿಯಿಂದ ನೇರವಾಗಿ ಕತ್ತರಿಸಿದ್ದು. ಅಂಥ ಗೆರೆ ಎಳೆಯಲು ಪಳಗಿದ ಕೈ ಬೇಕು. ಅದರಾಚೆಗೆ ಎಲ್ಲ ಖಾಲಿ. ಉಳಿದ ತುಣುಕಿನ ಅಂಚಿನಲ್ಲಿ ಎರಡು ಚುಕ್ಕಿ ಕಾಣುತ್ತವೆ. ಆ ಹಾಳೆಯಲ್ಲಿ ಅಚ್ಚಿನ ಚಿತ್ರವಿತ್ತು ಎಂಬುದಕ್ಕೆ ನನಗೆ ಬೇರೆ ಸಾಕ್ಷಿ ಬೇಡ.

ಅಂದರೆ ಅವನಿಗೆ ಗೊತ್ತಿತ್ತು. ಗೊತ್ತಿದ್ದು, ಮುಂದೆ ಎಂದಾದರೂ ಇದು ನನ್ನ ಕೈಗೆ ಬರುತ್ತದೆಂದು ತಿಳಿದು, ಕತ್ತರಿಸಿದ್ದಾನೆ. ಮಣೆ ಬಿಟ್ಟು ಹೋದವನಿಗೆ ಮನೆಯ ವಿದ್ಯೆ ಸಿಗಬಾರದು ಎಂದು. ಕೊನೆಯ ಹನ್ನೊಂದು ವರ್ಷ ನನಗೆ ಸ್ವಂತ ಕೈಯಿಂದ ಒಂದು ಕಾಗದ ಬರೆಯಲಿಲ್ಲ, ಎಲ್ಲ ನಿಮ್ಮ ಕೈಯಲ್ಲಿ ಬರೆಸಿದ. ನನ್ನ ಪುಸ್ತಕದ ಒಂದು ಹಾಳೆ ತಿರುವಲಿಲ್ಲ. ಹೊಟ್ಟೆಕಿಚ್ಚೆನ್ನಲು ನನಗೆ ನಾಲಿಗೆ ಏಳುತ್ತಿರಲಿಲ್ಲ, ಈಗ ಅನ್ನುತ್ತೇನೆ. ಸಾಯುವಾಗಲೂ ಬಾಗಿಲು ಹಾಕಿಕೊಂಡೇ ಹೋದ.

ಲೇಖನ ಸಿದ್ಧವಾಗಿದೆ. "ಈ ಕಸುಬಿನ ಮನೆತನಗಳು ತಮಗೆ ತಿಳಿದಿದ್ದನ್ನು ಬಚ್ಚಿಟ್ಟು ನಾಶಮಾಡಿದವು; ಲೇಖಕನ ಸ್ವಂತ ಮನೆತನವೂ ಅದಕ್ಕೆ ಹೊರತಲ್ಲ" ಎಂದು ಮೊದಲ ಪುಟದಲ್ಲೇ ಬರೆದಿದ್ದೇನೆ. ಮಾರ್ಚ್ 15ಕ್ಕೆ ಸಮಿತಿಯವರ ಕೈಗೆ ಪ್ರತಿಗಳು ಹೋಗುತ್ತವೆ. ನಿಮಗೆ ಮೊದಲೇ ಹೇಳುವುದು ಮರ್ಯಾದೆ ಎಂದು ಹೇಳಿದ್ದೇನೆ.

ಪುಸ್ತಕವನ್ನು ವಾಪಸು ಕಳಿಸುತ್ತಿದ್ದೇನೆ.

ಮೈದುನ

*

ಮಾರ್ಚ್ 3

ಚಿಕ್ಕೋನೇ,

ನಾನು ಈ ಮನೆಗೆ ಬಂದಾಗ ನಿನ್ನನ್ನು ಹೀಗೇ ಕರೆಯುತ್ತಿದ್ದೆ. ಆ ಪುಸ್ತಕದ ಜಗಳದ ಮೇಲೆ ನೀನು ದೊಡ್ಡವನಾಗಿಬಿಟ್ಟೆ, ನಾನೂ ಬಹುವಚನಕ್ಕೆ ಇಳಿದೆ. ಇವತ್ತು ಅದು ಬೇಡ. ಬೈಯುವವರಿಗೆ ಬಹುವಚನ ಬಾಯಿಗೆ ಹೊಂದುವುದಿಲ್ಲ.

ಈ ಪೊಟ್ಟಣದಲ್ಲಿ ಮೂರು ಸಾಮಾನಿವೆ. ಫೆಬ್ರವರಿ ಆರರ ನನ್ನ ಕಾಗದ, ಮೊದಲು ಅದನ್ನು ಓದು. ಕತ್ತರಿಸಿದ ಹಾಳೆ, ಅದರಲ್ಲಿರುವ ಅಚ್ಚಿನ ಚಿತ್ರ ನನ್ನ ಕೈಯದು ಅಂತ ನಿನಗೆ ತಿಳಿಯಬಾರದೆಂದು ಕತ್ತರಿಸಿದವಳು ನಾನು, ಹೋದ ತಿಂಗಳು ಆರನೇ ತಾರೀಕು ಮಧ್ಯಾಹ್ನ. ಪಳಗಿದ ಕೈ ಅಂತ ಬರೆದೆಯಲ್ಲ, ಅದಕ್ಕೆ ಸಂತೋಷ. ಮೂರನೆಯದು ಮೇಣದ ಬಟ್ಟೆಯಲ್ಲಿ ಸುತ್ತಿದೆ, ಕಬ್ಬಿಣದ ಅಚ್ಚು. ನಿನ್ನ ಇಪ್ಪತ್ಮೂರನ್ನೂ ಒಂದೊಂದಾಗಿ ಅದರ ಮೇಲಿಟ್ಟು ನೋಡು.

ಓದಿದೆಯಾ? ಸರಿ, ಈಗ ಕೇಳು.

ನಾಣ್ಯದ ವಿಷಯದಲ್ಲಿ ನೀನು ತಪ್ಪು ತಿಳಿದರೆ ಬಾಯಿಮುಚ್ಚಿಕೊಂಡು ಇದ್ದುಬಿಡೋಣ ಅಂತ ಇದ್ದೆ. ಅದು ನಾನು ನಿನಗೆ ಮಾಡುತ್ತಿದ್ದ ದ್ರೋಹವೇ, ಒಪ್ಪಿಕೊಳ್ಳುತ್ತೇನೆ. ಆದರೆ ನಿಮ್ಮಣ್ಣನ ವಿಷಯದಲ್ಲಿ ತಪ್ಪು ತಿಳಿದು, ಅದನ್ನು ಅಚ್ಚು ಹಾಕಿಸುತ್ತೀಯ ಅಂದರೆ ನನ್ನಿಂದ ತಡೆದುಕೊಳ್ಳಲು ಆಗುವುದಿಲ್ಲ. ಅವರ ಮರ್ಯಾದೆ ಉಳಿಸಬೇಕೆಂದು ನಾನು ಬಾಯಿಗೆ ಬೀಗ ಹಾಕಿಕೊಂಡದ್ದು. ಆ ಬೀಗದಿಂದಲೇ ಅವರ ತಮ್ಮ ಅವರಿಗೆ ಹೊಟ್ಟೆಕಿಚ್ಚಿನವನು ಅನ್ನುವಂತಾಯಿತು. ಇನ್ನು ಆ ಬೀಗ ಯಾತಕ್ಕೆ?

ಕಾಗದ ಬರೆಯಲಿಲ್ಲ ಅಂದೆ. ಅಕ್ಷರ ಕಾಣದವರು ಏನು ಬರೆಯುತ್ತಾರೆ? ಒಂದು ಸಲ ಹಟ ಮಾಡಿ ಬರೆದರು, ಗೆರೆಯ ಮೇಲೆ ಗೆರೆ ಕೂತು ಕಪ್ಪಾಯಿತು. ಹರಿದು ಒಲೆಗೆ ಹಾಕಿ, "ನೀನೇ ಬರಿ, ಜಾಸ್ತಿ ಮಾತು ಬೇಡ, ಅವ್ನಿಗೆ ಅನುಮಾನ ಬರುತ್ತೆ" ಅಂದರು. ತಮ್ಮನಿಗಾದರೂ ಹೇಳೋಣ ಅಂತ ಎಷ್ಟು ಸಲ ಗೋಗರೆದಿದ್ದೇನೆ. "ಅವ್ನಿಗಂತೂ ಬೇಡವೇ ಬೇಡ. ಇರೋ ಕೆಲ್ಸ ಬಿಟ್ಟು ಓಡಿ ಬರ್ತಾನೆ. ಬಂದು ಮಣೆ ಮೇಲೆ ಕೂತ್ಕೋತಾನೆ. ಓದಿದ್ದೆಲ್ಲ ಮಣ್ಣುಪಾಲು" ಅಂದರು. ಬಾಗಿಲು ಹಾಕಿಕೊಂಡರು, ಹೌದು. ನೀನು ಒಳಗೆ ಬಂದು ಸಿಕ್ಕಿಹಾಕಿಕೊಳ್ಳಬಾರದು ಅಂತ.

ಇನ್ನು ನಿನ್ನ ಪುಸ್ತಕ. ಹಾಳೆ ತಿರುವಲಿಲ್ಲ, ನಿಜ. ನೀನು ರೈಲು ಹತ್ತಿದ ಮಾರನೇ ದಿನ ಅಲಮಾರಿನಿಂದ ಇಳಿಸಿ ನನ್ನ ಮಡಿಲಿಗೆ ಹಾಕಿದರು. ದಿನಕ್ಕೆ ಹದಿನಾರು ಪುಟ, ಮಧ್ಯಾಹ್ನ ಅಂಗಡಿಯ ಬಾಗಿಲು ಎಳೆದುಕೊಂಡು ಓದಿ ಹೇಳಿದೆ. ಮುಗಿದ ಮೇಲೆ ಮತ್ತೆ ಮೊದಲಿಂದ ಅಂದರು. ಒಟ್ಟು ಮೂರು ಸಲ. ಅಡಿಟಿಪ್ಪಣಿ ಬಿಟ್ಟರೆ ಗೊತ್ತಾಗಿಬಿಡುತ್ತಿತ್ತು, "ಕೆಳಗೆ ಸಣ್ಣಕ್ಷರದಲ್ಲಿ ಏನೋ ಇರ್ಬೇಕಲ್ಲ, ಅದನ್ನೂ ಓದು" ಅನ್ನುವರು. ನನ್ನ ಗಂಟಲು ಒಣಗಿಹೋಯಿತು. ನಿನ್ನ ವಾಕ್ಯಗಳು ಉದ್ದ ಮಾರಾಯ.

ಮೂವತ್ತೆಂಟನೇ ಪುಟದಲ್ಲಿ ಒಂದು ತಪ್ಪಿದೆ ಅಂದರು. ಚಿನ್ನವನ್ನು ತಗಡು ಮಾಡಿ ಬಿಲ್ಲೆ ಕತ್ತರಿಸುತ್ತಿದ್ದರು ಅಂತ ನೀನು ಬರೆದಿದ್ದೀಯ. "ಪೆದ್ದ, ಅಷ್ಟು ಸಣ್ಣದನ್ನ ಯಾರಾದ್ರೂ ಕತ್ತರಿಸ್ತಾರಾ? ಇದ್ದಿಲಲ್ಲಿ ಗುಳಿ ತೋಡಿ ಚಿಟಿಕೆ ಚಿನ್ನ ಹಾಕಿ ಊದಿದ್ರೆ ತಾನೇ ಗುಂಡಾಗುತ್ತೆ, ಆಮೇಲೆ ತಟ್ಟೋದು" ಅಂದರು. ಬರೆದು ತಿಳಿಸಲೇ ಅಂತ ಕೇಳಿದೆ. "ಬೇಡ, ಪಾಪ, ಬೇಜಾರ್ ಮಾಡ್ಕೋತಾನೆ. ಇಷ್ಟು ದಪ್ಪದ್ರಲ್ಲಿ ಒಂದು ತಪ್ಪು ಅಂದ್ರೆ ತಪ್ಪೇ ಅಲ್ಲ" ಅಂದರು.

ನಿನ್ನ ಕುರ್ಚಿ ಇದರಿಂದ ಹೋಗುತ್ತದೆ ಅಂತ ಗೊತ್ತು. ಮೊದಲೇ ಹೇಳಿದ್ದರೆ ನೀನು ಇಷ್ಟು ದೂರ ಹೋಗುತ್ತಿರಲಿಲ್ಲ. ನನ್ನದು ತಪ್ಪು. ಬೈಯಬೇಕೆನಿಸಿದರೆ ಬೈಯಿ, ನನ್ನನ್ನು ಬೈಯಿ. ಸಮಿತಿಯವರಿಗೆ ಏನು ಹೇಳಬೇಕೋ ಹೇಳು, ಒಂದು ಮಾತ್ರ ನಡೆಸಿಕೊಡು. ಅವರ ಕಣ್ಣಿನ ವಿಷಯ ಯಾರಿಗೂ ಬೇಡ.

ಅತ್ತಿಗೆ

*

ಮಾರ್ಚ್ 13

ಪೊಟ್ಟಣ ತಲುಪಿತು. ಲೇಖನ ವಾಪಸು ಪಡೆದಿದ್ದೇನೆ.

ಮೈದುನ

*

ಏಪ್ರಿಲ್ 9

ಅತ್ತಿಗೆಯವರಿಗೆ ನಮಸ್ಕಾರಗಳು.

ಇಷ್ಟು ದಿನ ಬರೆಯದಿದ್ದಕ್ಕೆ ಕೋಪವಲ್ಲ ಕಾರಣ. ಏನು ಬರೆಯಬೇಕೆಂದು ತಿಳಿಯಲಿಲ್ಲ. ಸೂಚಿ ಬರೆದು ಬರೆದು ನನಗೆ ಅಳತೆ, ತೂಕ, ಸ್ಥಿತಿ ಇಷ್ಟೇ ಬರೆಯಲು ಬರುತ್ತದೆ.

ಮೊದಲು ಸುದ್ದಿ. ಸಮಿತಿ ಸೇರಿತು. ಮುಖ್ಯಸ್ಥನ ಜಾಗ ಅಂಚೆಚೀಟಿ ವಿಭಾಗದವನಿಗೆ ಹೋಯಿತು. ನಾಣ್ಯಕ್ಕೂ ಅವನಿಗೂ ಏನು ಸಂಬಂಧ ಎಂದು ಕೇಳಬೇಡಿ. ಅವನು ನನ್ನ ಕೋಣೆಗೆ ಬಂದು, "ನೀವು ಇರೋ ಹಾಗೇ ಇರಿ, ನಾನು ಬರೀ ಸಹಿ ಹಾಕ್ತೀನಿ" ಎಂದ. ಒಳ್ಳೆಯ ಮನುಷ್ಯ. ಬೇಸರವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಎರಡು ದಿನ ರಜೆ ಹಾಕಿ ಮನೆಯಲ್ಲಿ ಗೋಡೆ ನೋಡುತ್ತ ಕೂತಿದ್ದೆ.

ನಿಮ್ಮ ಅಚ್ಚಿನ ಮೇಲೆ ಇಪ್ಪತ್ತಮೂರು ನಾಣ್ಯಗಳನ್ನೂ ಇಟ್ಟು ನೋಡಿದೆ. ಇಪ್ಪತ್ತಮೂರೂ ಕೂತವು. ಆಮೇಲೆ ಹಳೆಯ ನಾಣ್ಯಗಳ ಅಂಚುಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದೆ. ಕತ್ತರಿಸಿದ ಗುರುತು ಒಂದರಲ್ಲೂ ಇಲ್ಲ, ಎಲ್ಲ ಕರಗಿಸಿ ತಟ್ಟಿದವೇ. ಮೂವತ್ತೆಂಟನೇ ಪುಟದ ಮಾತು ತಪ್ಪು. ಒಂಬತ್ತು ವರ್ಷದಲ್ಲಿ ಆ ತಪ್ಪನ್ನು ಕಂಡುಹಿಡಿದವನು ನನ್ನ ಅಣ್ಣ ಒಬ್ಬನೇ, ಅದೂ ಕಣ್ಣಿಲ್ಲದೆ. ಅದನ್ನು ಸೂಕ್ಷ್ಮದರ್ಶಕದ ಮುಂದೆ ಕೂತು ಯೋಚಿಸುತ್ತಿದ್ದಾಗ ಅತ್ತುಬಿಟ್ಟೆ. ಹನ್ನೆರಡು ವರ್ಷ ಅವನ ಮೇಲೆ ಹಲ್ಲು ಕಡಿದುಕೊಂಡಿದ್ದೆ, ಅತ್ತಿಗೆ. ಅವನು ಬದುಕಿದ್ದಾಗ ನೀವು ಒಂದು ಮಾತು ಹೇಳಿದ್ದರೆ ಎಂದು ನಿಮ್ಮ ಮೇಲೂ ಸಿಟ್ಟು ಬರುತ್ತದೆ. ಬಂದು ಹೋಗುತ್ತದೆ.

ಸೂಚಿ ಅಚ್ಚಿಗೆ ಹೋಗುತ್ತಿದೆ. ಆ ಇಪ್ಪತ್ತಮೂರನ್ನು ಕೈಬಿಡುವಂತಿಲ್ಲ, ಸಂಗ್ರಹದಲ್ಲಿರುವುದೆಲ್ಲ ಸೂಚಿಯಲ್ಲಿರಬೇಕು. ಹೀಗೆ ಬರೆದಿದ್ದೇನೆ:

"118ರಿಂದ 140. ಚಿನ್ನ. ಹಳೆಯ ಹಣದ ಮಾದರಿಯಲ್ಲಿ ಇತ್ತೀಚೆಗೆ ಹೊಡೆದವು. ಸರದಲ್ಲಿ ಉದುರಿದವುಗಳ ಜಾಗ ತುಂಬಲು. ಹದಿಮೂರನೆಯ ಚುಕ್ಕಿ ತಯಾರಿಸಿದವರು ಬೇಕೆಂದೇ ಇಟ್ಟ ಗುರುತು, ಮೋಸದ ಉದ್ದೇಶವಿಲ್ಲ. ಅಚ್ಚು ಕೊರೆದು ಹೊಡೆದವರು: ಈ ಸೂಚಿಯ ಸಂಪಾದಕನ ಅತ್ತಿಗೆ."

ಕಣ್ಣಿನ ಮಾತು ಎತ್ತಿಲ್ಲ. ಆದರೆ ಕೊನೆಯ ಸಾಲು ಓದಿದವರು, ಅಣ್ಣ ಏನು ಮಾಡುತ್ತಿದ್ದ ಎಂದು ಕೇಳಿಯೇ ಕೇಳುತ್ತಾರೆ. ಅವನ ಫೋಟೋ ಇರುವ ಹಾಲ್‌ನಲ್ಲೂ ಕೇಳುತ್ತಾರೆ. ಹಾಗಂತ ಅವನು ಹೊಡೆದದ್ದು ಎಂದು ಬರೆಯಲು ನನ್ನ ಕೈ ಬರುವುದಿಲ್ಲ, ಸೂಚಿಯಲ್ಲಿ ಸುಳ್ಳು ಬರೆದು ನನಗೆ ಅಭ್ಯಾಸವಿಲ್ಲ. ಆ ಸಾಲು ಇರಲೋ ಬೇಡವೋ ನೀವೇ ಹೇಳಿ. ಬೇಡ ಎಂದರೆ "ತಯಾರಿಸಿದವರು ತಿಳಿದಿಲ್ಲ" ಎಂದು ಹಾಕುತ್ತೇನೆ, ಅದು ನನ್ನ ತಲೆಗಿರಲಿ. ಏಪ್ರಿಲ್ 30ರ ಒಳಗೆ ತಿಳಿಸಿ.

ಚಿಕ್ಕೋನು

*

ಏಪ್ರಿಲ್ 17

ಚಿಕ್ಕೋನೇ,

ಕಾಗದ ಬಂದು ನಾಲ್ಕು ದಿನವಾಯಿತು. ಅಂಗಡಿಯನ್ನೂ ತೆಗೆಯದೆ ಯೋಚಿಸಿದೆ.

ತಿಳಿದಿಲ್ಲ ಅಂತ ಹಾಕಬೇಡ. ತಿಳಿದಿದೆ. ಹಾಗೆ ಹಾಕಿದರೆ ನಮ್ಮ ಮನೆಯ ಚುಕ್ಕಿಗೆ ಅವಮಾನ.

ಆದರೆ ನೀನು ಬರೆದದ್ದೂ ಸರಿಯಿಲ್ಲ. ಅಚ್ಚು ಕೊರೆದವಳು ನಾನು ಅಂತ ಹೇಳಿದ್ದೆ. ಹೊಡೆದವಳೂ ನಾನೇ ಅಂತ ಯಾರು ಹೇಳಿದರು? ಒಬ್ಬಳ ಕೈಯಲ್ಲಿ ಆಗುವ ಕೆಲಸವಲ್ಲ ಅದು. ಕೆಳಗಿನ ಅಚ್ಚು ಅಡಿಗಲ್ಲಿನಲ್ಲಿ ಕೂತಿರುತ್ತದೆ. ಅದರ ಮೇಲೆ ಚಿನ್ನದ ಬಿಲ್ಲೆ, ಅದರ ಮೇಲೆ ಇನ್ನೊಂದು ಅಚ್ಚು. ಅದನ್ನು ಎರಡು ಕೈಯಿಂದ ಅಲುಗದ ಹಾಗೆ ಹಿಡಿದುಕೊಳ್ಳಬೇಕು. ಸುತ್ತಿಗೆ ಇನ್ನೊಬ್ಬರ ಕೈಯಲ್ಲಿ. ಒಂದೇ ಏಟು, ಎರಡನೇದು ಬಿದ್ದರೆ ಚಿತ್ರ ಕಲಸಿಹೋಗುತ್ತದೆ.

ಹಿಡಿದವಳು ನಾನು. ಹೊಡೆದವರು ನಿಮ್ಮಣ್ಣ. ನೋಡಬೇಕೆಂದ ಜಾಗದಲ್ಲಿ ಮಸಿ ಬಿಟ್ಟರೆ ಬೇರೇನೂ ಕಾಣದ ಕಣ್ಣು. ಮೊದಲ ಸಲ ಸುತ್ತಿಗೆ ಎತ್ತಿ ಅರ್ಧ ಗಂಟೆ ಹಾಗೇ ಕೂತರು. "ಆಗಲ್ಲ ಕಣೇ, ನಿನ್ನ ಬೆರಳು ಎಲ್ಲಿದೆ ಗೊತ್ತಾಗ್ತಿಲ್ಲ" ಅಂದರು. "ನನ್ನ ಬೆರಳು ನಾನು ನೋಡ್ಕೋತೀನಿ, ನೀವು ಹೊಡೀರಿ" ಅಂದೆ. ಎಡಗೈ ನೀಡಿ ನನ್ನ ಮಣಿಕಟ್ಟು ಮುಟ್ಟಿದರು, ಅಚ್ಚಿನ ತಲೆ ಮುಟ್ಟಿದರು, ಉಸಿರು ಹಿಡಿದರು, ಹೊಡೆದರು. ಪ್ರತಿ ಸಲವೂ ಹಾಗೇ. ಇಪ್ಪತ್ಮೂರು ಬೇಕಿತ್ತು, ಇಪ್ಪತ್ತೈದು ಏಟಿಗೆ ಮುಗಿಯಿತು. ನೀನು ಭೂತಗನ್ನಡಿ ಹಿಡಿದು ಅರಮನೆಯವರ ಕೆಲಸ ಅಂದುಕೊಂಡೆಯಲ್ಲ, ಅವು ಆ ಏಟುಗಳು.

ನಾನು ಹನ್ನೆರಡು ವರ್ಷ ಮುಚ್ಚಿಟ್ಟಿದ್ದು ಅವರ ಕಣ್ಣನ್ನು ಮಾತ್ರ ಅಂದುಕೊಂಡಿದ್ದೆ. ಈ ಏಟುಗಳನ್ನೂ ಅದರ ಜೊತೆಗೇ ಮುಚ್ಚಿಟ್ಟಿದ್ದೆ ಅಂತ ನಿನ್ನ ಸಾಲು ಓದಿದಾಗ ತಿಳಿಯಿತು. ಕಣ್ಣಿದ್ದವರು ಯಾರು ಬೇಕಾದರೂ ಹೊಡೆಯುತ್ತಾರೆ. ಅವರಿಗೆ ನಾಚಿಕೆಯಾಗುತ್ತಿತ್ತು, ಅದಕ್ಕೆ ಮಾತು ಕೊಟ್ಟೆ. ನನಗೆ ಒಂದು ದಿನವೂ ನಾಚಿಕೆಯಾಗಿರಲಿಲ್ಲ. ಮಾತು ತಪ್ಪುತ್ತಿದ್ದೇನೆ, ಬೈದರೆ ಬೈಯಲಿ, ಮುಂದೆ ಸಿಕ್ಕಾಗ ನಾನು ನೋಡಿಕೊಳ್ಳುತ್ತೇನೆ. ಸಂಘದ ಹಾಲ್‌ಗೆ ನಾಳೆ ನಾನೇ ಹೋಗಿ ಹೇಳಿ ಬರುತ್ತೇನೆ. ಫೋಟೋ ಇಳಿಸುತ್ತೇವೆ ಅಂದರೆ ಮನೆಗೆ ತಂದು ಹಾಕಿಕೊಳ್ಳುತ್ತೇನೆ.

ಹೀಗೆ ತಿದ್ದು: ಅಚ್ಚು ಕೊರೆದು ಹಿಡಿದವರು ಸಂಪಾದಕನ ಅತ್ತಿಗೆ. ಹೊಡೆದವರು ಸಂಪಾದಕನ ಅಣ್ಣ, ಕಣ್ಣು ಕಾಣದೆ.

ಆ ಇಪ್ಪತ್ತೈದರಲ್ಲಿ ಎರಡು ನನ್ನ ಹೆಬ್ಬೆರಳಿನ ಮೇಲೆ ಬಿದ್ದವು. ಉಗುರು ಈಗಲೂ ಸೊಟ್ಟಗೇ ಬೆಳೆಯುತ್ತದೆ. ಆದರೆ ಎರಡು ಸಲವೂ ಅವರ ಏಟು ನೆಟ್ಟಗೇ ಇತ್ತು, ಕೈ ಅಲುಗಿಸಿದವಳು ನಾನು. ಅವರಿಗೆ ಹೇಳಲಿಲ್ಲ. ನೀನೂ ಅದನ್ನು ಮಾತ್ರ ಬರೆಯಬೇಡ.

ಅತ್ತಿಗೆ